ಶಾಪಕ್ಕೆ ಹೆಸರು ಗೊತ್ತು



ಎರಡು ಕಥೆಗಳಿಂದ ಶುರು ಮಾಡುತ್ತೇನೆ.

ಮೊದಲನೆಯದು ಭಾಗವತದ್ದು. ಕಕುದ್ಮಿ ಎಂಬ ರಾಜ. ಅವನಿಗೆ ರೇವತಿ ಎಂಬ ಮಗಳು. ಮಗಳಿಗೆ ತಕ್ಕ ವರ ಯಾರು ಎಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೇ ಹೋದ. ಅಲ್ಲಿ ಗಂಧರ್ವರ ಗಾಯನ ನಡೆದಿತ್ತು. ಅದು ಮುಗಿಯಲಿ ಎಂದು ಒಂದು ಗಳಿಗೆ ಕಾದ. ಆಮೇಲೆ ಬಂದ ಕಾರಣ ಅರಿಕೆ ಮಾಡಿಕೊಂಡ. ಬ್ರಹ್ಮ ನಕ್ಕುಬಿಟ್ಟ. ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರಗಳಾಗಲಿ, ಅವರ ಮಕ್ಕಳು ಮೊಮ್ಮಕ್ಕಳಾಗಲಿ ಯಾರೂ ಈಗ ಉಳಿದಿಲ್ಲ, ಭೂಮಿಯಲ್ಲಿ 27 ಚತುರ್ಯುಗಗಳು ಕಳೆದುಹೋಗಿವೆ ಎಂದ. ರೇವತಿ ಕೊನೆಗೆ ಬಲರಾಮನ ಕೈಹಿಡಿದಳು.

ಎರಡನೆಯದು 2014ರಲ್ಲಿ ಬಂದ ಹಾಲಿವುಡ್ ಚಿತ್ರ, ಇಂಟರ್‌ಸ್ಟೆಲ್ಲರ್. ಇಲ್ಲಿಯೂ ಒಬ್ಬ ತಂದೆ, ಒಬ್ಬಳು ಮಗಳು. ತಂದೆ ಗಗನಯಾತ್ರಿ. ಕಪ್ಪುರಂಧ್ರದ ಪಕ್ಕದಲ್ಲಿರುವ ಗ್ರಹವೊಂದಕ್ಕೆ ಇಳಿಯುತ್ತಾನೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ. ಒಂದು ಎಡವಟ್ಟಾಗಿ ಕೆಲವು ಗಂಟೆ ತಡವಾಗುತ್ತದೆ. ನೌಕೆಗೆ ಮರಳಿ ಬರುವಷ್ಟರಲ್ಲಿ ಭೂಮಿಯಲ್ಲಿ 23 ವರ್ಷ ಕಳೆದಿರುತ್ತದೆ. ಬಿಟ್ಟು ಬಂದಾಗ ಪುಟ್ಟವಳಾಗಿದ್ದ ಮಗಳು ಈಗ ಅಪ್ಪನ ವಯಸ್ಸಿನವಳು.

ಎರಡರಲ್ಲೂ ದೂರ ಹೋದವನಿಗೆ ಕಾಲ ನಿಧಾನವಾಯಿತು, ಮನೆಯಲ್ಲಿ ಉಳಿದವರಿಗೆ ಓಡಿತು. ಆದರೆ ಮೊದಲನೆಯದನ್ನು ನಾವು ಅದ್ಭುತ ಕಥೆ ಎನ್ನುತ್ತೇವೆ, ಫ್ಯಾಂಟಸಿ ಎನ್ನುತ್ತೇವೆ. ಎರಡನೆಯದನ್ನು ವಿಜ್ಞಾನ ಕಥೆ ಎನ್ನುತ್ತೇವೆ. ಯಾಕೆ? ಇವೆರಡರ ನಡುವೆ ಗೆರೆ ಎಲ್ಲಿದೆ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಯಂತ್ರವಿದ್ದರೆ ವಿಜ್ಞಾನ ಕಥೆ, ಮಂತ್ರವಿದ್ದರೆ ಅದ್ಭುತ ಕಥೆ ಎಂಬುದು ಒಂದು. ಸಾಧ್ಯವಾದದ್ದು ವಿಜ್ಞಾನ ಕಥೆ, ಅಸಾಧ್ಯವಾದದ್ದು ಅದ್ಭುತ ಕಥೆ ಎಂಬುದು ಇನ್ನೊಂದು. ಎರಡೂ ಸಾಲುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲು ಯಂತ್ರ ಮತ್ತು ಮಂತ್ರ. ಪಂಚತಂತ್ರದ ಒಂದು ಪಾಠದಲ್ಲಿ ನೇಕಾರನ ಕಥೆ ಬರುತ್ತದೆ. ಅವನ ಗೆಳೆಯ ಬಡಗಿ. ಬಡಗಿಯು ಮರದ ಗರುಡನನ್ನು ಮಾಡಿಕೊಡುತ್ತಾನೆ. ಅದಕ್ಕೊಂದು ಕೀಲು. ಆ ಕೀಲು ಆಡಿಸಿದರೆ ಗರುಡ ಹಾರುತ್ತದೆ. ನೇಕಾರ ವಿಷ್ಣುವಿನ ವೇಷ ಹಾಕಿ ಅದರ ಮೇಲೆ ಕೂತು ರಾಜಕುಮಾರಿಯ ಅಂತಃಪುರಕ್ಕೆ ಹಾರಿಹೋಗುತ್ತಾನೆ. ಇಲ್ಲಿ ಇರುವುದು ಶುದ್ಧ ಯಂತ್ರ, ಮಂತ್ರ ಎಳ್ಳಷ್ಟೂ ಇಲ್ಲ. ಆದರೆ ಕೊನೆಗೆ ಶತ್ರುಸೈನ್ಯ ಬಂದಾಗ ಅವನನ್ನು ಕಾಯುವುದು ಕೀಲಲ್ಲ, ನಿಜವಾದ ವಿಷ್ಣು. ತನ್ನ ಹೆಸರು ಕೆಡಬಾರದೆಂದು ವಿಷ್ಣುವೇ ನೇಕಾರನ ಮೈಯೊಳಗೆ ಇಳಿಯುತ್ತಾನೆ. ಯಂತ್ರ ಇದೆ, ಕಥೆ ಮಾತ್ರ ಅದ್ಭುತದ್ದು.

ಈಗ ಇದಕ್ಕೆ ವಿರುದ್ಧವಾದ ಒಂದು ಪುಸ್ತಕ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಚರ್ಚೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಸ್ತಕ ಇದು.

ಯೊಹಾನೆಸ್ ಕೆಪ್ಲರ್ ಹೆಸರು ನೀವು ಕೇಳಿದ್ದೀರಿ. ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ತೋರಿಸಿಕೊಟ್ಟ ಜರ್ಮನ್ ಖಗೋಳಜ್ಞ. ಆತ ಲ್ಯಾಟಿನ್ ಭಾಷೆಯಲ್ಲಿ ಸೋಮ್ನಿಯಮ್ ಎಂಬ ಒಂದು ಕಥೆ ಬರೆದ. ಹಾಗೆಂದರೆ ಕನಸು. ಐಸ್‌ಲ್ಯಾಂಡಿನ ಒಬ್ಬ ಹುಡುಗ ಅದರ ನಾಯಕ. ಅವನ ತಾಯಿ ಗಿಡಮೂಲಿಕೆಯ ಗಂಟುಗಳನ್ನು ನಾವಿಕರಿಗೆ ಮಾರುವವಳು. ಅವಳಿಗೆ ಭೂತಗಳ ಸಹವಾಸ. ಹುಡುಗ ಊರೂರು ಅಲೆದು ಖಗೋಳ ಕಲಿತು ಹಿಂತಿರುಗುತ್ತಾನೆ. ತಾಯಿ ಒಂದು ಭೂತವನ್ನು ಕರೆಯುತ್ತಾಳೆ. ಚಂದ್ರನಿಗೆ ಹೋಗುವುದು ಹೇಗೆ ಎಂದು ಆ ಭೂತ ವಿವರಿಸುತ್ತದೆ.

ಭೂತ ಹೊತ್ತೊಯ್ಯುತ್ತದೆ ಎಂದಮೇಲೆ ಇದು ಅದ್ಭುತ ಕಥೆಯೇ ಅಲ್ಲವೇ? ಆದರೆ ಆ ಭೂತ ಹೇಳುವ ಮಾತು ಕೇಳಿ. ಹೊರಡುವಾಗಿನ ಎಳೆತ ಸಿಡಿಮದ್ದಿನಿಂದ ಚಿಮ್ಮಿಸಿದಷ್ಟು ಜೋರು. ಆದ್ದರಿಂದ ಪ್ರಯಾಣಿಕನಿಗೆ ಮೊದಲೇ ನಿದ್ದೆಯ ಮದ್ದು ಕೊಡಬೇಕು. ಆ ಎಳೆತಕ್ಕೆ ಕೈಕಾಲು ಕಿತ್ತುಬರದಂತೆ ಮೈಯನ್ನು ಜೋಡಿಸಬೇಕು. ಮೇಲೆ ವಿಪರೀತ ಚಳಿ, ಉಸಿರಾಡುವುದು ಕಷ್ಟ, ಅದಕ್ಕಾಗಿ ಮೂಗಿಗೆ ಒದ್ದೆ ಸ್ಪಂಜು ಹಿಡಿಯಬೇಕು. ಚಂದ್ರ ತಲುಪಿದ ಮೇಲೆ ಅಲ್ಲಿಯ ಹಗಲು ನಮ್ಮ 14 ದಿನದಷ್ಟು ಉದ್ದ, ರಾತ್ರಿಯೂ ಅಷ್ಟೇ. ಚಂದ್ರನ ಒಂದು ಅರ್ಧದಲ್ಲಿ ನಿಂತವರಿಗೆ ಭೂಮಿ ಆಕಾಶದ ಒಂದೇ ಜಾಗದಲ್ಲಿ ತೂಗುತ್ತಿರುತ್ತದೆ. ಇನ್ನೊಂದು ಅರ್ಧದವರಿಗೆ ಭೂಮಿ ಎಂದೂ ಕಾಣುವುದೇ ಇಲ್ಲ.

ಕೇಳುಗರೇ, ದೂರದರ್ಶಕ ಇನ್ನೂ ಹೊಸತಾಗಿದ್ದ ಕಾಲದ ಮಾತು ಇದು. 1609ರ ಹೊತ್ತಿಗೆ ಕಥೆಯ ಮೊದಲ ಕರಡು ಸಿದ್ಧವಾಗಿತ್ತು. ಆಮೇಲೆ ಕೆಪ್ಲರ್ ಅದಕ್ಕೆ 200ಕ್ಕೂ ಹೆಚ್ಚು ಟಿಪ್ಪಣಿ ಬರೆದ. ಟಿಪ್ಪಣಿಗಳು ಕಥೆಗಿಂತ ಉದ್ದವಾದವು. ಕಥೆಯಲ್ಲಿ ಏನೇ ಹೇಳಿದರೂ ಅದಕ್ಕೆ ಲೆಕ್ಕ ಒಪ್ಪಿಸಬೇಕು ಎಂಬ ಹಟ ಅವನದು. ಈ ಕಥೆಗೆ ಅವನು ತೆತ್ತ ಬೆಲೆಯೂ ದೊಡ್ಡದು. 1615ರಲ್ಲಿ ಅವನ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂತು. ಮುದುಕಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟರು. ಮಗನೇ ನಿಂತು ವಾದಕ್ಕೆ ನೆರವಾಗಿ 1621ರಲ್ಲಿ ಬಿಡಿಸಿಕೊಂಡ. ತನ್ನ ಕಥೆಯ ಹಸ್ತಪ್ರತಿ ಅವರಿವರ ಕೈಸೇರಿ, ಅದರಲ್ಲಿರುವ ತಾಯಿಯ ಪಾತ್ರವೇ ಈ ಗಾಳಿಮಾತಿಗೆ ಇಂಬು ಕೊಟ್ಟಿತೇ ಎಂಬ ಕೊರಗು ಅವನನ್ನು ಬಿಡಲಿಲ್ಲ. ಪುಸ್ತಕ ಅಚ್ಚಾದದ್ದು 1634ರಲ್ಲಿ, ಅವನು ತೀರಿಹೋದ ಮೇಲೆ.

ಸೋಮ್ನಿಯಮ್‌ನಲ್ಲಿ ವಾಹನ ಅದ್ಭುತದ್ದು, ತಲುಪಿದ ಜಾಗ ವಿಜ್ಞಾನದ್ದು. ಅಂದರೆ ನಾವು ಹುಡುಕುತ್ತಿರುವ ಗೆರೆ ಪುಸ್ತಕ ಪುಸ್ತಕಗಳ ನಡುವೆ ಮಾತ್ರ ಇರುವುದಿಲ್ಲ. ಒಂದೇ ಪುಸ್ತಕದ ಒಳಗೂ ಹಾದುಹೋಗುತ್ತದೆ.

ಹೀಗೆ ಯಂತ್ರ, ಮಂತ್ರ ಎಂಬ ಮೊದಲನೆಯ ಉತ್ತರ ನಿಲ್ಲಲಿಲ್ಲ. ಇನ್ನು ಸಾಧ್ಯ, ಅಸಾಧ್ಯ ಎಂಬ ಎರಡನೆಯ ಉತ್ತರ.

ಇಲ್ಲಿ ನಮಗೆ ಇಬ್ಬರು ಹಿರಿಯರು ಸಿಗುತ್ತಾರೆ. ಫ್ರಾನ್ಸಿನ ಜೂಲ್ಸ್ ವರ್ನ್, ಇಂಗ್ಲೆಂಡಿನ ಎಚ್. ಜಿ. ವೆಲ್ಸ್. ಇಬ್ಬರೂ ತಮ್ಮ ಕಥೆಗಳಲ್ಲಿ ಮನುಷ್ಯರನ್ನು ಚಂದ್ರನತ್ತ ಕಳಿಸಿದರು. ವರ್ನ್ 1865ರಲ್ಲಿ ಅವರನ್ನು ದೊಡ್ಡ ಫಿರಂಗಿಯಿಂದ ಹಾರಿಸಿದ. ವೆಲ್ಸ್ 1901ರಲ್ಲಿ ಕ್ಯಾವೊರೈಟ್ ಎಂಬ ಹೊಸ ವಸ್ತುವನ್ನು ಕಲ್ಪಿಸಿದ. ಭೂಮಿಯ ಗುರುತ್ವಾಕರ್ಷಣೆಯನ್ನು ಅದು ತಡೆಯುತ್ತದೆ. ಇದನ್ನು ಕಂಡು ವೃದ್ಧ ವರ್ನ್‌ಗೆ ಸಮಾಧಾನವಾಗಲಿಲ್ಲ. ನಾನು ಭೌತವಿಜ್ಞಾನ ಬಳಸುತ್ತೇನೆ, ಆತ ಇಲ್ಲದ್ದನ್ನು ಹುಟ್ಟಿಸುತ್ತಾನೆ, ಆ ವಸ್ತುವನ್ನು ತಂದು ತೋರಿಸಲಿ ಎಂಬರ್ಥದ ಮಾತನ್ನು ಸಂದರ್ಶನದಲ್ಲಿ ಹೇಳಿದ.

ವರ್ನ್‌ನ ಲೆಕ್ಕವನ್ನೇ ನೋಡೋಣ. ಅವನ ಫಿರಂಗಿಯ ಉದ್ದ 900 ಅಡಿ. ಭೂಮಿಯ ಸೆಳೆತ ಮೀರಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಈ ವೇಗವನ್ನು ಆತ ಹೆಚ್ಚುಕಡಿಮೆ ಸರಿಯಾಗಿಯೇ ಹಿಡಿದಿದ್ದ. ಆದರೆ 900 ಅಡಿಯೊಳಗೆ ಅಷ್ಟು ವೇಗ ಬರಬೇಕಾದರೆ ಒಳಗೆ ಕೂತವರ ಮೈಭಾರ 20,000 ಪಟ್ಟಿಗೂ ಹೆಚ್ಚಾಗುತ್ತದೆ. 60 ಕಿಲೋ ತೂಕದ ಮನುಷ್ಯನ ಮೇಲೆ 1,000 ಟನ್ನಿಗೂ ಮೀರಿದ ಭಾರ ಬಿದ್ದಂತೆ. ವರ್ನ್ ನೀರಿನ ಮೆತ್ತೆ ಇಟ್ಟಿದ್ದ. ಅದರಿಂದ ಏನೂ ಆಗುತ್ತಿರಲಿಲ್ಲ. ಫಿರಂಗಿ ಸಿಡಿದ ಕ್ಷಣವೇ ಒಳಗಿದ್ದ ಮೂವರು ಪ್ರಯಾಣಿಕರೂ ಸಾಯುತ್ತಿದ್ದರು.

ಅಂದರೆ ವರ್ನ್‌ನದೂ ಅಸಾಧ್ಯ, ವೆಲ್ಸ್‌ನದೂ ಅಸಾಧ್ಯ. ಆದರೂ ಎರಡೂ ವಿಜ್ಞಾನ ಕಥೆಗಳೇ. ವೆಲ್ಸ್ ಹುಟ್ಟಿಸಿದ್ದು ಒಂದೇ ಒಂದು ಸುಳ್ಳು. ಅದನ್ನು ಒಪ್ಪಿಕೊಂಡ ಮೇಲೆ ಮುಂದೆ ಏನಾಗಬೇಕೋ ಅದೆಲ್ಲ ಆಗಲು ಬಿಟ್ಟ. ಕ್ಯಾವೊರೈಟಿನ ಮೊದಲ ಹಾಳೆ ಸಿದ್ಧವಾದ ಕೂಡಲೇ ಅದರ ಮೇಲಿನ ಗಾಳಿ ತೂಕ ಕಳೆದುಕೊಂಡು ಮೇಲಕ್ಕೆ ನುಗ್ಗುತ್ತದೆ. ಸುತ್ತಲಿನ ಗಾಳಿ ಆ ಜಾಗಕ್ಕೆ ಧಾವಿಸುತ್ತದೆ. ಮನೆಯ ಚಾವಣಿ ಹಾರಿಹೋಗುತ್ತದೆ. ಆ ಹಾಳೆಯೂ ಹಾರಿಹೋಗದೆ ಅಲ್ಲೇ ಉಳಿದಿದ್ದರೆ ಭೂಮಿಯ ವಾಯುಮಂಡಲವೇ ಆ ದಾರಿಯಲ್ಲಿ ಸೋರಿಹೋಗುತ್ತಿತ್ತು ಎಂದು ಕಥೆಯಲ್ಲಿ ಅದನ್ನು ತಯಾರಿಸಿದ ವಿಜ್ಞಾನಿ ವಿವರಿಸುತ್ತಾನೆ. ಈ ಪ್ರಸಂಗ ಓದಿದಾಗ ನನಗೆ ವೆಲ್ಸ್ ಮೇಲೆ ಬಂದ ಗೌರವ ವರ್ನ್‌ನ ಎಲ್ಲ ಲೆಕ್ಕಗಳಿಂದ ಬಂದಿರಲಿಲ್ಲ. ತಾನು ಕಲ್ಪಿಸಿದ ವಸ್ತು ತನ್ನ ಪಾತ್ರಗಳ ಮೇಲೆಯೇ ತಿರುಗಿಬೀಳಲು ಆತ ಅವಕಾಶ ಕೊಟ್ಟ.

ಇಷ್ಟು ಹೊತ್ತು ಗೆರೆ ಎಲ್ಲಿ ಇಲ್ಲ ಎಂದು ನೋಡಿದೆವು. ಯಂತ್ರದಲ್ಲಿ ಇಲ್ಲ, ಸಾಧ್ಯಾಸಾಧ್ಯದಲ್ಲೂ ಇಲ್ಲ. ಹಾಗಾದರೆ ಎಲ್ಲಿದೆ? ನನ್ನ ಉತ್ತರ ಹೇಳುತ್ತೇನೆ.

ಅದ್ಭುತ ಕಥೆಯ ಲೋಕಕ್ಕೆ ನೀವು ಯಾರು ಎಂದು ಗೊತ್ತು. ವಿಜ್ಞಾನ ಕಥೆಯ ಲೋಕಕ್ಕೆ ಗೊತ್ತಿಲ್ಲ.

ಕರ್ಣನಿಗೆ ಪರಶುರಾಮರು ಕೊಟ್ಟ ಶಾಪ ನೆನಪಿಸಿಕೊಳ್ಳಿ. ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ನೀನು ಕಲಿತ ಅಸ್ತ್ರವಿದ್ಯೆ ಮರೆತುಹೋಗಲಿ ಎಂಬ ಶಾಪ. ಆ ಶಾಪಕ್ಕೆ ಕರ್ಣನ ಗುರುತಿದೆ. ಅವನು ಆಡಿದ ಸುಳ್ಳಿನ ನೆನಪಿದೆ. ಕುರುಕ್ಷೇತ್ರದಲ್ಲಿ ಯಾವ ಗಳಿಗೆ ಅವನ ಪಾಲಿಗೆ ಕೊನೆಯದು ಎಂಬ ಅರಿವಿದೆ. ಪುಷ್ಪಕ ವಿಮಾನಕ್ಕೂ ಯಜಮಾನನ ಮನಸ್ಸು ಗೊತ್ತು. ಶಿವ ಪಾರ್ವತಿಯರಿದ್ದ ಬೆಟ್ಟದ ಮೇಲೆ ರಾವಣ ಹಾರಿಬಂದಾಗ ಅದು ತಾನಾಗಿ ನಿಂತುಬಿಡುತ್ತದೆ. ಅದ್ಭುತ ಲೋಕದಲ್ಲಿ ಬೆಟ್ಟ, ಗಾಳಿ, ವಾಹನ ಎಲ್ಲವೂ ಮನುಷ್ಯನ ಪುಣ್ಯಪಾಪವನ್ನು ಬಲ್ಲವು.

ಗುರುತ್ವಾಕರ್ಷಣೆಗೆ ಈ ಯಾವ ಗುರುತೂ ಇಲ್ಲ. ಮೇಲಿನಿಂದ ಬಿದ್ದವನು ಸಂತನಾದರೂ ಕಳ್ಳನಾದರೂ ವೇಗ ಒಂದೇ.

ಈಗ ಮೊದಲಿನ ಎರಡು ಕಥೆಗಳನ್ನು ಅಳೆಯೋಣ. ಕಕುದ್ಮಿಗೆ ಕಾಲ ನಿಧಾನವಾದದ್ದು ಅವನು ನಿಂತ ಜಾಗ ಬ್ರಹ್ಮನ ಸಭೆ ಎಂಬ ಕಾರಣಕ್ಕೆ. ಅದು ಆ ಸ್ಥಾನದ ಮಹಿಮೆ, ಎಲ್ಲರಿಗೂ ಅಲ್ಲಿ ಪ್ರವೇಶವಿಲ್ಲ. ಕಪ್ಪುರಂಧ್ರದ ಬಳಿ ಯಾರೇ ಹೋದರೂ ಕಾಲ ನಿಧಾನವಾಗುತ್ತದೆ. ಮನುಷ್ಯನೇ ಬೇಕೆಂದಿಲ್ಲ, ಕಲ್ಲು ಹೋದರೂ ಗಡಿಯಾರ ಹೋದರೂ ಅಷ್ಟೇ. ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಿದ್ಧಾಂತ ಅದು. ಅದರ ಫಲ ಇವತ್ತು ನಿಮ್ಮ ಜೇಬಿನಲ್ಲೇ ಇದೆ. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿ ಭೂಮಿಯ ಸೆಳೆತ ಕಡಿಮೆ. ವೇಗದ ಪರಿಣಾಮವನ್ನೂ ಲೆಕ್ಕ ಹಿಡಿದರೆ, ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಆ ಇಷ್ಟೇ ಇಷ್ಟು ವ್ಯತ್ಯಾಸವನ್ನು ಸರಿಪಡಿಸದಿದ್ದರೆ ದಾರಿಯ ಲೆಕ್ಕ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪಿಹೋಗುತ್ತದೆ.

ಇಂಟರ್‌ಸ್ಟೆಲ್ಲರ್ ಚಿತ್ರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆ ಚಿತ್ರಕ್ಕೆ ಭೌತವಿಜ್ಞಾನದ ಸಲಹೆ ಕೊಟ್ಟವರು ಕಿಪ್ ಥಾರ್ನ್. 2017ರಲ್ಲಿ ನೊಬೆಲ್ ಪಡೆದವರು. ಆದ್ದರಿಂದ ಬಹುಪಾಲು ಚಿತ್ರ ಬಿಗಿಯಾಗಿದೆ. ಕೊನೆಯಲ್ಲಿ ಮಾತ್ರ ತಂದೆ ಕಪ್ಪುರಂಧ್ರದೊಳಗೆ ಬೀಳುತ್ತಾನೆ, ಬಿದ್ದವನು ತಲುಪುವುದು ಮಗಳ ಕೋಣೆಯ ಪುಸ್ತಕದ ಕಪಾಟಿನ ಹಿಂಬದಿಗೆ. ಭವಿಷ್ಯದ ಮನುಷ್ಯರು ಕಟ್ಟಿದ ವ್ಯವಸ್ಥೆ ಅದು ಎಂದು ಚಿತ್ರ ಕಾರಣ ಕೊಡುತ್ತದೆ. ಆದರೆ ಅಪ್ಪನನ್ನು ಮಗಳಿಗೆ ಜೋಡಿಸುವ ದಾರಿ ಪ್ರೀತಿಯೇ ಎಂದೂ ಹೇಳುತ್ತದೆ. ಅಲ್ಲಿಗೆ ವಿಶ್ವಕ್ಕೆ ಆ ಮಗಳು ಯಾರೆಂದು ಗೊತ್ತಾಗಿಬಿಟ್ಟಿತು. ಚಿತ್ರ ಗೆರೆ ದಾಟಿತು. ನನಗೆ ಆ ಭಾಗವೂ ಮನಸ್ಸಿಗೆ ತಟ್ಟಿತು. ಆದರೆ ತಟ್ಟಿದ್ದು ಕಕುದ್ಮಿಯ ಕಥೆ ತಟ್ಟುವ ರೀತಿಯಲ್ಲಿ.

ಹೆಸರು ಗೊತ್ತಿರುವ ಲೋಕ, ಗೊತ್ತಿಲ್ಲದ ಲೋಕ. ಈ ಗೆರೆಯನ್ನು ಇನ್ನೊಂದು ಜೋಡಿಯಿಂದ ಪರೀಕ್ಷಿಸೋಣ.

1954ರಲ್ಲಿ ಟಾಮ್ ಗಾಡ್ವಿನ್ ಎಂಬ ಅಮೆರಿಕದ ಲೇಖಕ ಒಂದು ಸಣ್ಣ ಕಥೆ ಬರೆದ. ಇಂಗ್ಲಿಷಿನಲ್ಲಿ ಅದರ ಹೆಸರು ದಿ ಕೋಲ್ಡ್ ಈಕ್ವೇಷನ್ಸ್. ದೂರದ ಗ್ರಹದಲ್ಲಿ ಕೆಲವರಿಗೆ ಕಾಯಿಲೆ. ಅವರಿಗೆ ಔಷಧ ಹೊತ್ತು ಒಂದು ಚಿಕ್ಕ ನೌಕೆ ಹೊರಟಿದೆ. ಇಂಧನ ಅಳೆದು ತುಂಬಿದ್ದು. ಅದರಲ್ಲಿ ಒಬ್ಬಳು ಹುಡುಗಿ ಕದ್ದು ಕೂತಿದ್ದಾಳೆ. ಅಣ್ಣನನ್ನು ನೋಡುವ ಆಸೆ ಅವಳಿಗೆ. ಅವಳ ಭಾರವೂ ಸೇರಿದರೆ ನೌಕೆ ಸುರಕ್ಷಿತವಾಗಿ ಇಳಿಯಲಾರದು. ಎಲ್ಲರೂ ಸಾಯುತ್ತಾರೆ. ಚಾಲಕ ಕಟುಕನಲ್ಲ. ಅವನಿಗೂ ಕರುಳು ಚುರ್ರೆನ್ನುತ್ತದೆ. ಹುಡುಗಿ ನಿರಪರಾಧಿ. ಆದರೂ ಅವಳು ಹೊರಗೆ ಹೋಗಲೇಬೇಕು.

ಇದರ ಪಕ್ಕದಲ್ಲಿ ಸಾವಿತ್ರಿಯನ್ನು ಇಟ್ಟು ನೋಡಿ. ಅಲ್ಲಿಯೂ ಸಾವಿನ ಲೆಕ್ಕ ಖಚಿತ. ಸತ್ಯವಾನನ ಆಯುಸ್ಸು ಮುಗಿದಿದೆ. ಆದರೆ ಯಮ ಕಿವಿಗೊಡುತ್ತಾನೆ. ಸಾವಿತ್ರಿಯ ನಿಷ್ಠೆ, ಅವಳ ಮಾತಿನ ಜಾಣ್ಮೆ ಅವನನ್ನು ಕರಗಿಸುತ್ತವೆ. ಗಂಡ ಬದುಕಿ ಬರುತ್ತಾನೆ. ಗಾಡ್ವಿನ್ನನ ನೌಕೆಯಲ್ಲಿ ಯಮನ ಜಾಗದಲ್ಲಿ ಇಂಧನದ ಮಾಪಕವಿದೆ. ಅದರ ಜೊತೆ ಮಾತಾಡಲು ಬರುವುದಿಲ್ಲ.

ಗಾಡ್ವಿನ್ನನ ಕಥೆಗೆ ಓದುಗರು ಇವತ್ತಿಗೂ ತಕರಾರು ತೆಗೆಯುತ್ತಾರೆ. ನೌಕೆಯ ಬಾಗಿಲಿಗೆ ಒಂದು ಬೀಗ ಹಾಕಬಾರದಿತ್ತೇ? ಹೊರಡುವ ಮುಂಚೆ ತೂಕ ನೋಡಬಾರದಿತ್ತೇ? ತಪ್ಪು ಪ್ರಕೃತಿಯದಲ್ಲ, ಅಷ್ಟು ಬಿಗಿಯಾಗಿ ನೌಕೆ ಕಟ್ಟಿದವರದು ಎನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ. ವಿಜ್ಞಾನ ಕಥೆ ಓದುಗನಿಗೆ ಕೊಡುವ ಹಕ್ಕು ಇದು. ಅದು ಹೇಗೆ, ಹಾಗಾದರೆ ಇದು ಯಾಕಾಗಲಿಲ್ಲ ಎಂದು ಕೇಳಬಹುದು. ಕಥೆ ಉತ್ತರ ಕೊಡಬೇಕು. ಕೊಡಲಾಗದಿದ್ದರೆ ಸೋತಂತೆ.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಗೆರೆಯ ಎರಡೂ ಕಡೆ ಬರೆದು ಎರಡರಲ್ಲೂ ಗೆದ್ದವರು. 1968ರಲ್ಲಿ ಅರ್ಥ್‌ಸೀ ಎಂಬ ದ್ವೀಪಲೋಕದ ಮೊದಲ ಕಾದಂಬರಿ ತಂದರು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಗುಟ್ಟಿನ ನಿಜನಾಮವಿದೆ. ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರ. ಮರುವರ್ಷವೇ ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್ ಬಂತು. ಅದರಲ್ಲಿ ಇಬ್ಬರು ಹಿಮದ ಬಯಲನ್ನು ವಾರಗಟ್ಟಲೆ ದಾಟುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಆಹಾರ ಉಳಿದಿದೆ, ದಿನಕ್ಕೆ ಎಷ್ಟು ದೂರ ನಡೆಯಬಹುದು ಎಂಬುದು. ಚಳಿಗೆ ಅವರ ಹೆಸರು ಬೇಕಿಲ್ಲ.

ಇಲ್ಲಿ ಒಂದು ಅಪಾರ್ಥ ಆಗಬಾರದು. ಗೆರೆ ಎಳೆಯುವುದು ಒಂದನ್ನು ಮೇಲಿಟ್ಟು ಇನ್ನೊಂದನ್ನು ಕೆಳಗಿಡುವುದಕ್ಕಲ್ಲ. ಗಿರೀಶ ಕಾರ್ನಾಡರ ಹಯವದನ ನಾಟಕದಲ್ಲಿ ಪದ್ಮಿನಿ ದೇವದತ್ತ ಕಪಿಲರ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ. ಕಾಳಿ ಜೀವ ಕೊಡುತ್ತಾಳೆ. ರಕ್ತದ ಗುಂಪು ಹೊಂದಿತೇ, ದೇಹ ಬೇರೆಯವರ ಅಂಗವನ್ನು ತಿರಸ್ಕರಿಸಲಿಲ್ಲವೇ ಎಂದು ಅಲ್ಲಿ ಯಾರೂ ಕೇಳಬಾರದು. ಕೇಳಿದರೆ ನಾಟಕ ಸಾಯುತ್ತದೆ. ಆ ನಾಟಕದ ಪ್ರಶ್ನೆಯೇ ಬೇರೆ. ನಾನು ಎಂದರೆ ತಲೆಯೋ ದೇಹವೋ, ಪೂರ್ಣತೆ ಎಂಬುದು ಮನುಷ್ಯರಿಗೆ ದಕ್ಕುತ್ತದೆಯೋ. ಇದನ್ನು ಕೇಳಲು ಕಾಳಿಯೇ ಬೇಕು, ಶಸ್ತ್ರವೈದ್ಯರು ಸಾಲುವುದಿಲ್ಲ. ನಮ್ಮ ನೋವು ನಲಿವನ್ನು ಅರಿಯುವ ಲೋಕವೊಂದು ಇರಲಿ ಎಂಬ ಹಂಬಲ ಮನುಷ್ಯನಲ್ಲಿ ಬಹಳ ಹಳೆಯದು. ಅದ್ಭುತ ಕಥೆ ಆ ಹಂಬಲಕ್ಕೆ ರೂಪ ಕೊಡುತ್ತದೆ.

ಇಷ್ಟಾದ ಮೇಲೆ ನೀವು ಕೇಳಬಹುದು. ಗೆರೆ ಎಲ್ಲಿದ್ದರೇನು, ಕಥೆ ಚೆನ್ನಾಗಿದ್ದರೆ ಸಾಲದೇ? ಓದಿ ಸಂತೋಷಪಡುವುದಕ್ಕೆ ಸಾಕು. ಆದರೆ ಗೆರೆ ಅಳಿಸಿಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ.

ವೈಮಾನಿಕ ಶಾಸ್ತ್ರ ಎಂಬ ಸಂಸ್ಕೃತ ಗ್ರಂಥದ ಹೆಸರು ಹಲವರು ಕೇಳಿದ್ದೀರಿ. ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿ ಇರುವ ಗ್ರಂಥ. ಅದನ್ನು ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, 20ನೆಯ ಶತಮಾನದ ಮೊದಲ ದಶಕಗಳಲ್ಲಿ. ಅದರಲ್ಲಿನ ವಿಮಾನಗಳ ನಕ್ಷೆಗಳನ್ನು ಬೆಂಗಳೂರಿನಲ್ಲಿ ಬರೆಸಲಾಯಿತು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಪ್ರಾಚೀನ ಭಾರತದಲ್ಲಿ ವಿಮಾನ ಹಾರುತ್ತಿತ್ತು ಎನ್ನುವವರಿಗೆ ಅದೇ ಆಧಾರವಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಶ್ರದ್ಧೆಯಿಂದ ಪರಿಶೀಲಿಸಿ 1974ರಲ್ಲಿ ವರದಿ ಬರೆದರು. ಓದದೆ ತಳ್ಳಿಹಾಕಲಿಲ್ಲ. ಶ್ಲೋಕಗಳ ಭಾಷೆ ನೋಡಿದರು, ನಕ್ಷೆ ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಅಳತೆ ಹಿಡಿದು ಲೆಕ್ಕ ಹಾಕಿದರು. ಭಾಷೆ ವೇದಕಾಲದ್ದಲ್ಲ, ಗ್ರಂಥ ರಚನೆಯಾದದ್ದು 1900ರಿಂದ 1922ರ ನಡುವೆ, ಇವುಗಳಲ್ಲಿ ಒಂದೂ ಹಾರಲಾರದು ಎಂಬುದು ಅವರ ತೀರ್ಮಾನ.

ನನಗೆ ಬೇಸರವಾಗುವುದು ಆ ವಿಮಾನಗಳು ಹಾರದಿದ್ದಕ್ಕಲ್ಲ. ಪುಷ್ಪಕದಂಥ ಭವ್ಯ ಕಲ್ಪನೆಯನ್ನು ಲೋಹ, ಇಂಧನ, ರೆಕ್ಕೆಯ ಅಳತೆಗೆ ಇಳಿಸಿದ್ದಕ್ಕೆ. ಪುಷ್ಪಕಕ್ಕೆ ಇಂಧನ ಬೇಡ. ವಾಲ್ಮೀಕಿ ಅದನ್ನು ಮನಸ್ಸಿನ ಇಚ್ಛೆಯಂತೆ ನಡೆಯುವ ವಾಹನವೆಂದೇ ಕಟ್ಟಿದ. ರಾಮನ ಜೊತೆ ಇಡೀ ಕಪಿಸೇನೆ ಏರಿದರೂ ಜಾಗ ಸಾಲುವ ವಾಹನ. ಅದನ್ನು ಯಂತ್ರವೆಂದು ಸಾಧಿಸಲು ಹೊರಟರೆ ಕವಿಗೂ ಅನ್ಯಾಯ, ಯಂತ್ರಶಾಸ್ತ್ರಕ್ಕೂ ಅನ್ಯಾಯ. ಕಕುದ್ಮಿಯ ಕಥೆಯನ್ನು ಸಾಪೇಕ್ಷತಾ ಸಿದ್ಧಾಂತವೆಂದು ಹೇಳುವವರೂ ಇದ್ದಾರೆ. ಸಿದ್ಧಾಂತವಾದರೆ ಗಡಿಯಾರ ಎಷ್ಟು ಹಿಂದೆ ಬೀಳುತ್ತದೆ ಎಂದು ಮೊದಲೇ ಲೆಕ್ಕ ಕೊಡಬೇಕು. ಯಾರು ಬೇಕಾದರೂ ಅಳೆದು ನೋಡುವಂತಿರಬೇಕು. ಭಾಗವತ ಅದನ್ನು ಮಾಡಲು ಹೊರಟ ಗ್ರಂಥವಲ್ಲ. ಕಾಲದ ಮುಂದೆ ರಾಜರೂ ಎಷ್ಟು ಸಣ್ಣವರು ಎಂದು ಅದು ಹೇಳಿತು. ಅದು ಹೇಳಿದ್ದು ಸಾಕಷ್ಟು ದೊಡ್ಡದು.

ಕೊನೆಯದಾಗಿ ಬರೆಯುವವರಿಗೆ ಒಂದು ಮಾತು. ನಮ್ಮಲ್ಲಿ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗೆ ನೆಲ ಹಸನು ಮಾಡಿದರು. ಪಕ್ಕದ ಮರಾಠಿಯಲ್ಲಿ ಜಯಂತ ನಾರ್ಳೀಕರರು ಕಪ್ಪುರಂಧ್ರದ ಮೇಲೆ ಬರೆದ ಮೊದಲ ಕಥೆಯನ್ನು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಳಿಸಿದರು. ಅಷ್ಟು ಹೊತ್ತಿಗೆ ಅವರು ಲೋಕಪ್ರಸಿದ್ಧ ಖಗೋಳವಿಜ್ಞಾನಿ. ತಮ್ಮ ಹೆಸರು ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂದು ಹಾಗೆ ಮಾಡಿದರು. ಕಥೆಗೆ ಬಹುಮಾನ ಬಂತು.

ಶಾಲೆ ಕಾಲೇಜುಗಳಲ್ಲಿ ವಿಜ್ಞಾನ ಕಲಿಸುವ ಮೇಷ್ಟರೇ, ಮೇಡಂನವರೇ, ಕನ್ನಡಕ್ಕೆ ನೀವು ಬರೆಯಬೇಕು. ಒಂದು ಅಸಾಧ್ಯವನ್ನು ಕಲ್ಪಿಸಿಕೊಳ್ಳಿ, ಒಂದೇ ಸಾಕು. ಆಮೇಲೆ ಅದರ ಲೆಕ್ಕ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗಿ. ನಿಮ್ಮ ನಾಯಕನನ್ನು ಉಳಿಸಲು ನಿಯಮ ಮುರಿಯಬೇಡಿ. ಬರೆದದ್ದನ್ನು ಮೊದಲು ನಿಮ್ಮ ತರಗತಿಯಲ್ಲೇ ಓದಿ, ಮಕ್ಕಳು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ತಿದ್ದಿ, ಆಮೇಲೆ ಪತ್ರಿಕೆಗಳಿಗೆ ಕಳಿಸಿ.